ಒಬ್ಬರಿಗೆ ಸಂಬಳ, ಇಬ್ಬರಿಗೆ ದುಡಿಮೆ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಓಡಾಡುವವರಿಗೆ ಕಿಟೆಲ್ ಪ್ರತಿಮೆ ಗೊತ್ತು. ಅವರ ನಿಘಂಟು ಗೊತ್ತು, ಅದು ಅಚ್ಚಾದ ಇಸವಿ 1894 ಅನ್ನುವುದೂ ಕೆಲವರಿಗೆ ಗೊತ್ತು. ಪೌಲೀನ್ ಐತ್ ಯಾರು ಅಂತ ಕೇಳಿ ನೋಡಿ, ಹತ್ತರಲ್ಲಿ ಹತ್ತೂ ಜನ ತಲೆ ಕೆರೆದುಕೊಳ್ಳುತ್ತಾರೆ. 1860ರಲ್ಲಿ ಕಿಟೆಲರನ್ನು ಮದುವೆಯಾಗಿ, ನಾಲ್ಕೇ ವರ್ಷ ಸಂಸಾರ ಮಾಡಿ, 1864ರಲ್ಲಿ ತೀರಿಕೊಂಡ ಹೆಣ್ಣುಮಗಳು ಅವರು. ಮುಂದೆ ಕಿಟೆಲ್ ಅವರ ಸಹೋದರಿ ಜೂಲಿಯನ್ನೇ ಮದುವೆಯಾದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಒಬ್ಬ ಮಿಷನರಿಯ ಬದುಕಿಗೆ ಹೆಗಲು ಕೊಟ್ಟರು. ಪ್ರತಿಮೆ ಮಾತ್ರ ಒಂದೇ.

ಪ್ರತಿಮೆ ಬೇಕು ಅಂತ ನಾನು ಕೇಳುತ್ತಿಲ್ಲ. ನಾನೊಬ್ಬ ಸಭಾಪಾಲಕ. ಮೂಡಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಸಣ್ಣ ಸಣ್ಣ ಸಭೆಗಳನ್ನು ನೋಡಿಕೊಳ್ಳುತ್ತೇನೆ. ಭಾನುವಾರ ಒಂದು ಆರಾಧನೆ ಮುಗಿಸಿ, ಸಿದ್ಧಕಟ್ಟೆಯ ಮೇಲೋ ವೇಣೂರಿನ ಮೇಲೋ ಬೈಕಿನಲ್ಲಿ ಇನ್ನೊಂದಕ್ಕೆ ಓಡುವ ಮನುಷ್ಯ. ನನ್ನ ತಕರಾರು ಇಷ್ಟೆ: ನಮ್ಮ ಸಭೆಗಳು ಒಬ್ಬರನ್ನು ನೇಮಿಸಿ ಇಬ್ಬರನ್ನು ದುಡಿಸಿಕೊಳ್ಳುತ್ತವೆ. ಎರಡನೆಯವರಿಗೆ ಸಂಬಳ ಇಲ್ಲ, ರಜೆ ಇಲ್ಲ, ಹುದ್ದೆಗೆ ಹೆಸರೂ ಇಲ್ಲ. 'ಅಮ್ಮನವರು' ಅನ್ನುವ ಒಂದು ಗೌರವದ ಮಾತು ಬಿಟ್ಟರೆ ಅವರ ಕೈಗೆ ಬೀಳುವುದು ಏನೂ ಇಲ್ಲ.

ಅಮ್ಮನವರ ಕೆಲಸ ಏನು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ ಅದಕ್ಕೆ ಕೊನೆ ಇಲ್ಲ. ಸಂಡೇ ಸ್ಕೂಲ್ ಅವರದ್ದು. ಸ್ತ್ರೀಯರ ಸಂಘಕ್ಕೆ ಅಧ್ಯಕ್ಷರಾಗಿ ಯಾರೂ ಸಿಗದಿದ್ದರೆ ಅವರೇ. ಕೀಬೋರ್ಡ್ ನುಡಿಸುವ ಹುಡುಗ ಬರದಿದ್ದರೆ ಅವರೇ. ಕ್ರಿಸ್ಮಸ್ ನಾಟಕದಲ್ಲಿ ಕುರುಬರ ತಲೆಗೆ ಟವೆಲ್ ಕಟ್ಟುವವರು ಅವರು. ರಾತ್ರಿ ಹತ್ತಕ್ಕೆ ಬಂಗ್ಲೆಯ ಬಾಗಿಲು ತಟ್ಟಿದರೆ ಮೊದಲು ಚಹಾಕ್ಕೆ ನೀರಿಡುವವರೂ ಅವರೇ. ಬಂದವರು ಅಯ್ಯನವರ ಹತ್ತಿರ ಅರ್ಧ ಹೇಳಿ, ಉಳಿದ ಅರ್ಧವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನವರ ಹತ್ತಿರ ಹೇಳಿಕೊಂಡು ಅಳುತ್ತಾರೆ. ಮುಖ್ಯವಾದ ಅರ್ಧ ಹೆಚ್ಚಾಗಿ ಅದೇ.

ಇದು ಇವತ್ತು ನಿನ್ನೆಯದಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದ ಕಥೆಯನ್ನು ನಮ್ಮ ಸಭೆಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇವೆ. ಆ ಬಾಸೆಲ್ ಮಿಷನ್ನಿನಲ್ಲಿ ಮಿಷನರಿ ತನ್ನಿಷ್ಟಕ್ಕೆ ಮದುವೆ ಆಗುವಂತಿರಲಿಲ್ಲ. ಬಾಸೆಲ್‌ನ ಕಮಿಟಿ ಒಪ್ಪಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಗಂಡನ್ನು ಮದುವೆಯಾಗಲು ಹಡಗು ಹತ್ತಿ ಬಂದರು. ಬಂದ ಮೇಲೆ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸಿದರು, ಅನಾಥ ಮಕ್ಕಳನ್ನು ಸಾಕಿದರು. ತಲಶ್ಶೇರಿಯಲ್ಲಿ ಜೂಲಿ ಗುಂಡರ್ಟ್ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಚರಿತ್ರೆಯಲ್ಲಿ ದೊಡ್ಡದಾಗಿ ಉಳಿದದ್ದು ಗಂಡ ಹರ್ಮನ್ ಗುಂಡರ್ಟ್ ಬರೆದ ಮಲಯಾಳ ನಿಘಂಟು. ಅವರ ಮಗಳು ಮಾರಿಯನ್ನು ಚಿಕ್ಕಂದಿನಲ್ಲೇ ಯುರೋಪಿಗೆ ಕಳಿಸಿದರು. ಅವಳು ಅಪ್ಪ ಅಮ್ಮನ ಹತ್ತಿರ ವಾಪಸ್ ಬರುವಾಗ ಹದಿಹರೆಯದ ಹುಡುಗಿ. ಮುಂದೆ ಅವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಸುವಾರ್ತೆಯ ಹೆಸರಿನಲ್ಲಿ ಹೆಂಡತಿ ಮಕ್ಕಳು ಏನನ್ನಾದರೂ ಬಿಡಬೇಕು ಎಂಬ ಲೆಕ್ಕಾಚಾರವನ್ನು ನಾವು ಹಂಚಿನ ಕಾರ್ಖಾನೆ, ಅಚ್ಚುಕೂಟಗಳ ಜೊತೆಗೇ ಪಡೆದುಕೊಂಡೆವು. ಕಾರ್ಖಾನೆ ಕೈಬಿಟ್ಟು ಹೋಯಿತು. ಲೆಕ್ಕಾಚಾರ ಉಳಿಯಿತು.

ಈಗ ನಮ್ಮೂರಿನದ್ದೇ ಒಂದು ಹೋಲಿಕೆ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳನ್ನು ನಿಲ್ಲಿಸಿದ್ದು ಬೀಡಿ ಕಟ್ಟಿದ ಹೆಂಗಸರು. ಜಗಲಿಯಲ್ಲಿ ಕೂತು ಸೂಪು ಮಡಿಲಲ್ಲಿಟ್ಟುಕೊಂಡು ಕಟ್ಟುತ್ತಾರೆ, ಬ್ರಾಂಚಿಗೆ ಕೊಂಡುಹೋಗಿ ಲೆಕ್ಕ ಕೊಡುತ್ತಾರೆ. ಕೂಲಿ ಕಡಿಮೆ, ಒಪ್ಪುತ್ತೇನೆ. ಆದರೂ ಸಾವಿರಕ್ಕೆ ಇಷ್ಟು ಅಂತ ದರ ಇದೆ, ಪಿ.ಎಫ್. ಇದೆ, 1976ರ ಕಾಯ್ದೆ ಮಾಡಿದ ಕಲ್ಯಾಣ ನಿಧಿ ಇದೆ. ಮನೆಯೊಳಗೆ ಕೂತು ಮಾಡಿದರೂ ಅದು ಕೆಲಸ ಎಂದು ಸರಕಾರವೇ ಒಪ್ಪಿದೆ. ಬಂಗ್ಲೆಯೊಳಗಿನ ಕೆಲಸವನ್ನು ಕೆಲಸ ಎಂದು ಒಪ್ಪಲು ಸಭೆಗೆ ಇನ್ನೂ ಆಗಿಲ್ಲ.

ನನ್ನ ಹೆಂಡತಿ ಸ್ಟಾಫ್ ನರ್ಸ್. ಹಿಂದೆ ನಾನಿದ್ದ ಒಂದು ಸಭೆಯಲ್ಲಿ ಹಿರಿಯರೊಬ್ಬರು ಬಂದು, "ಅಮ್ಮನವರು ಭಾನುವಾರ ಡ್ಯೂಟಿಗೆ ಹೋದ್ರೆ ಹೇಗೆ ಅಯ್ಯನವರೇ? ಜನ ಮಾತಾಡ್ತಾರೆ" ಅಂದರು. ಮಾತಾಡಲಿ ಮಾರಾಯ್ರೆ! ಸಬ್ಬತ್ ದಿನದಲ್ಲೇ ರೋಗಿಗಳನ್ನು ವಾಸಿಮಾಡಿ ದೊಡ್ಡವರ ಕೋಪಕ್ಕೆ ಗುರಿಯಾದವನನ್ನು ನಾವು ಕರ್ತನೆಂದು ಕರೆಯುತ್ತೇವೆ. ಅವನ ಹೆಸರಿನ ಸಭೆಯಲ್ಲಿ, ಭಾನುವಾರ ರೋಗಿಯ ನಾಡಿ ಹಿಡಿದ ನರ್ಸ್ ತಪ್ಪಿತಸ್ಥೆ. ಅದೇ ಹೊತ್ತಿಗೆ ಚರ್ಚಿನ ಹಿಂದೆ ನೂರು ಲೋಟ ಚಹಾ ಸುರಿದಿದ್ದರೆ ಭಕ್ತೆ. ಇದು ಯಾವ ದೇವಶಾಸ್ತ್ರ?

ಬೈಬಲ್ ಹೇಳುತ್ತದಲ್ಲ ಅನ್ನುವವರು ಬೈಬಲನ್ನು ಪೂರ್ತಿ ಓದಲಿ. ಪ್ರಿಸ್ಕಿಲ್ಲ, ಅಕ್ವಿಲ ಎಂಬ ಗಂಡಹೆಂಡಿರು ಗುಡಾರ ಮಾಡುವ ಕಸುಬಿನವರು. ಕೈಕಸುಬೂ ಇತ್ತು, ಸಭೆಯ ಕೆಲಸವೂ ಇತ್ತು. ರೋಮಾಪುರದವರಿಗೆ ಬರೆದ ಪತ್ರದ ಕೊನೆಗೆ ಪೌಲ ಇಬ್ಬರನ್ನೂ ತನ್ನ ಜೊತೆಕೆಲಸಗಾರರೆಂದು ನೆನೆಯುತ್ತಾನೆ, ಅದರಲ್ಲೂ ಹೆಂಡತಿಯ ಹೆಸರನ್ನು ಮೊದಲು ಹಾಕುತ್ತಾನೆ. ಅದೇ ಬೈಬಲಿನಲ್ಲಿ ಪೇತ್ರನಿಗೆ ಅತ್ತೆ ಇದ್ದಾಳೆ, ಅವಳಿಗೆ ಜ್ವರ ಬಂದದ್ದೂ ಬಿಟ್ಟದ್ದೂ ಇದೆ. ಅತ್ತೆ ಇದ್ದ ಮೇಲೆ ಹೆಂಡತಿ ಇರಲೇಬೇಕಲ್ಲ. ಹೆಸರೇನು? ಇಲ್ಲ. ನಮ್ಮ ಸಭೆಗಳು ಪ್ರಿಸ್ಕಿಲ್ಲಳ ಬಗ್ಗೆ ಪ್ರಸಂಗ ಕೇಳಿ ತಲೆಯಾಡಿಸುತ್ತವೆ. ಬಂಗ್ಲೆಯಲ್ಲಿ ಬೇಕಾಗಿರುವುದು ಮಾತ್ರ ಪೇತ್ರನ ಹೆಂಡತಿ.

ಮಾರ್ಥ ಮರಿಯರ ಕಥೆ ಇನ್ನೂ ತಮಾಷೆ. ಕರ್ತನ ಪಾದದ ಹತ್ತಿರ ಕೂತ ಮರಿಯಳೇ ಉತ್ತಮವಾದದ್ದನ್ನು ಆರಿಸಿಕೊಂಡಳು ಅಂತ ನಾವು ಪುಲ್ಪಿಟ್ಟಿನಿಂದ ಹೇಳುವಾಗಲೇ, ಹಿಂದಿನ ಕೋಣೆಯಲ್ಲಿ ಪಾಸ್ಟರ್ ಹೆಂಡತಿ ಸಂಡೇ ಸ್ಕೂಲ್ ಮಕ್ಕಳ ಜಗಳ ಬಿಡಿಸುತ್ತಿರುತ್ತಾಳೆ. ಒಂದು ಆರಾಧನೆಯನ್ನು ಮೊದಲ ಗೀತೆಯಿಂದ ಆಶೀರ್ವಾದದವರೆಗೆ ಕೂತು ಅನುಭವಿಸುವ ಭಾಗ್ಯ ಅವಳಿಗೆ ತಿಂಗಳುಗಟ್ಟಲೆ ಸಿಗುವುದಿಲ್ಲ. ಇಡೀ ಊರಿಗೆ ಆರಾಧನೆ ಒದಗಿಸುವ ಮನೆಯಲ್ಲೇ ಒಬ್ಬಳಿಗೆ ಆರಾಧನೆ ಇಲ್ಲ. ಇದು ಬರೀ ದುಡ್ಡಿನ ಪ್ರಶ್ನೆ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಇನ್ನೂ ಒಂದಿದೆ. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ನನ್ನ ಹೆಂಡತಿ ಕೇಳಿದಳು: "ನೀವು ನನ್ನ ಗಂಡ. ಸರಿ. ನನ್ನ ಅಯ್ಯನವರು ಯಾರು?" ಉಳಿದವರಿಗೆಲ್ಲ ಮನೆಯಲ್ಲಿ ಜಗಳವಾದರೆ ಹೇಳಿಕೊಳ್ಳಲು ಸಭಾಪಾಲಕ ಇದ್ದಾನೆ. ಸಭಾಪಾಲಕನ ಹೆಂಡತಿ ಎಲ್ಲಿಗೆ ಹೋಗಬೇಕು? ಸಭೆಯ ಹೆಂಗಸರ ಹತ್ತಿರ ಹೇಳಿದರೆ ಸಂಜೆಯೊಳಗೆ ಗುರುವಾಯನಕೆರೆಗೆ ತಲುಪುತ್ತದೆ. ಮೇಲಿನವರ ಹತ್ತಿರ ಹೇಳಿದರೆ ಗಂಡನ ವರ್ಗಾವಣೆಗೆ ಕುತ್ತು. ಎಲ್ಲರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಹೆಣ್ಣಿಗೆ ತನ್ನ ಗುಟ್ಟು ಇಳಿಸಲು ಒಂದು ಜಾಗ ಇಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸಭೆ.

ಈಗ ಪ್ರತಿವಾದಗಳು. ಮೊದಲನೆಯದು, "ಸೇವೆಗೆ ಬೆಲೆ ಕಟ್ಟಬಾರದು." ನನ್ನ ಸೇವೆಗೆ ಕಟ್ಟಿದ್ದೀರಲ್ಲ! ತಿಂಗಳು ತಿಂಗಳು ನನ್ನ ಖಾತೆಗೆ ಸಂಬಳ ಬೀಳುತ್ತದೆ, ಅದರಿಂದ ನನ್ನ ಸೇವೆ ಹಗುರವಾಗಿಲ್ಲ. ಎರಡನೆಯದು, "ಅವರು ಇಷ್ಟಪಟ್ಟೇ ಮಾಡುತ್ತಾರೆ." ಇಷ್ಟ ಅನ್ನಬೇಕಾದರೆ ಬೇಡ ಅನ್ನಲೂ ದಾರಿ ಇರಬೇಕು. ಅಮ್ಮನವರು ಒಂದು ಸಲ ಬೇಡ ಅಂದರೆ 'ಸ್ವಲ್ಪ ಜಂಬ' ಅನ್ನುವ ಮಾತು ಸುಗ್ಗಿ ಹಬ್ಬದ ಏಲಂ ಮುಗಿಯುವುದರೊಳಗೆ ಎಲ್ಲರ ಬಾಯಲ್ಲಿರುತ್ತದೆ. ಮೂರನೆಯದು ಮಾತ್ರ ನ್ಯಾಯವಾದದ್ದು: "ನಮ್ಮದು ಬಡ ಸಭೆ, ಇನ್ನೊಂದು ಸಂಬಳ ಎಲ್ಲಿಂದ ತರುವುದು?" ನಿಜ. ಮೂವತ್ತು ಮನೆಯ ಸಭೆಗೆ ಒಂದು ಸಂಬಳವೇ ಭಾರ. ಆದರೆ ದುಡ್ಡಿಲ್ಲದವನು ಕೆಲಸ ಹಂಚಿಕೊಳ್ಳಬೇಕು, ಬಿಟ್ಟಿ ತೆಗೆದುಕೊಳ್ಳುವುದಲ್ಲ. ಚಹಾಕ್ಕೆ ಸರದಿ ಇರಲಿ, ಸಂಡೇ ಸ್ಕೂಲಿಗೆ ಸಭೆಯಿಂದಲೇ ಶಿಕ್ಷಕರು ಬರಲಿ. ಅಮ್ಮನವರು ಅದರಲ್ಲಿ ಒಬ್ಬರಾಗಲು ಬಯಸಿದರೆ ಬರಲಿ, ಉಳಿದ ಸದಸ್ಯರ ಹಾಗೆ.

ಇದನ್ನು ಬೆಂಗಳೂರು, ಪುಣೆ, ದುಬೈಯಲ್ಲಿ ಕೆಲಸಕ್ಕಿರುವ ನಿಮಗೆ ಯಾಕೆ ಹೇಳುತ್ತಿದ್ದೇನೆ? ನಿಮ್ಮ ಕಂಪನಿಯವರು "ನಾವೆಲ್ಲ ಒಂದೇ ಫ್ಯಾಮಿಲಿ" ಅಂದ ಕೂಡಲೇ ಈ ಶನಿವಾರ ಲಾಗಿನ್ ಆಗಬೇಕು ಅಂತ ನಿಮಗೆ ಅರ್ಥವಾಗುತ್ತದೆ. ಆ ಭಾಷೆಯ ಒಳಮರ್ಮ ನಿಮಗೆ ಗೊತ್ತು. ಸಭೆಯೂ ಅದೇ ಭಾಷೆ ಮಾತಾಡುತ್ತದೆ. ಅಷ್ಟೇ ಅಲ್ಲ, ಊರಿನಲ್ಲಿ ಒಂಟಿಯಾಗಿರುವ ನಿಮ್ಮ ಅಮ್ಮನಿಗೆ ಮಾತ್ರೆ ತಂದುಕೊಟ್ಟು, ಬಿ.ಪಿ. ನೋಡಿ, "ಏನೂ ಹೆದರಬೇಡಿ" ಅಂತ ನಿಮಗೆ ವಾಟ್ಸಾಪ್ ಮಾಡುವವರು ಹೆಚ್ಚಿನ ಸಲ ಅಯ್ಯನವರಲ್ಲ, ಅಮ್ಮನವರು. ನೀವು ನೆಮ್ಮದಿಯಾಗಿ ಮೀಟಿಂಗಿನಲ್ಲಿ ಕೂತಿರುವುದರ ಹಿಂದೆ ಆ ಬಿಟ್ಟಿ ದುಡಿಮೆಯೂ ಇದೆ.

ನಮ್ಮ ಸಿ.ಎಸ್.ಐ. ಹೆಂಗಸರಿಗೆ ಅಭಿಷೇಕ ಕೊಟ್ಟು ದಶಕಗಳಾದವು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ ಆದರು. ಬಹಳ ಒಳ್ಳೆಯದು. ಮಹಿಳಾ ಪಾಸ್ಟರ್ ವರ್ಗವಾಗಿ ಬಂದಾಗ "ಅವರ ಗಂಡ ಕೀಬೋರ್ಡ್ ನುಡಿಸ್ತಾರಾ? ಚಹಾ ಚೆನ್ನಾಗಿ ಮಾಡ್ತಾರಾ?" ಅಂತ ಕೇಳುತ್ತೀರಾ? ಕೇಳುವುದಿಲ್ಲ. ಆ ಗಂಡನಿಗೆ ಸಿಗುವ ಬಿಡುಗಡೆ ನನ್ನ ಹೆಂಡತಿಗೂ ಸಿಗಲಿ. ನನ್ನ ಬೇಡಿಕೆ ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ.

ಸಾಮಾನ್ಯಸಭೆ ವರ್ಷಕ್ಕೊಮ್ಮೆ ಸೇರುತ್ತದೆ. ಊರಿಗೆ ಬಂದಿದ್ದರೆ ಕೂತು, ಕೈ ಎತ್ತಿ ಮೂರು ವಿಷಯ ದಾಖಲೆ ಮಾಡಿಸಿ. ಪಾಸ್ಟರ ನೇಮಕ ಎಂದರೆ ಪಾಸ್ಟರ ನೇಮಕ ಮಾತ್ರ. ಅವರ ಮನೆಗೆ ವಾರಕ್ಕೊಂದು ದಿನ ರಜೆ, ಸಾವಿನ ಸುದ್ದಿ ಬಿಟ್ಟು ಬೇರೆ ಯಾವುದಕ್ಕೂ ಆ ದಿನ ಬಾಗಿಲು ತಟ್ಟಬಾರದು. ವರ್ಗಾವಣೆಯ ಪತ್ರ ಬರೆಯುವಾಗ ಹೆಂಡತಿಯ ಕೆಲಸ ಮತ್ತು ಮಕ್ಕಳ ಶಾಲೆಯನ್ನೂ ಕೇಳಬೇಕು. ಸಂಘದ ಲೆಕ್ಕಪತ್ರ ಓದಿ ಮುಗಿದ ಮೇಲೆ, ಊಟಕ್ಕೆ ಏಳುವ ಮೊದಲು, ಇದಕ್ಕೆ ಹತ್ತು ನಿಮಿಷ ಸಾಕು. ಅವತ್ತು ಊಟ ಬಡಿಸಲು ಯಾರು ನಿಂತಿದ್ದಾರೆ ಅಂತಲೂ ಒಮ್ಮೆ ತಿರುಗಿ ನೋಡಿ.