ಆಟ ಮೊದಲು, ಹೆಸರು ಆಮೇಲೆ

ಯಲ್ಲಾಪುರದಿಂದ ಹುಬ್ಬಳ್ಳಿಗೆ ಸಾಗುವ ಹೆದ್ದಾರಿಯಲ್ಲಿ ಕಿರವತ್ತಿ ಎಂಬ ಊರಿದೆ. ಅದರ ಪಡುವಲಿಗೆ ಘಟ್ಟದ ಕಾಡು, ಅಡಕೆಯ ತೋಟ, ಯಕ್ಷಗಾನದ ಚಂಡೆ; ಮೂಡಲಿಗೆ ಧಾರವಾಡದ ಬಯಲು, ದೊಡ್ಡಾಟ ಸಣ್ಣಾಟಗಳ ನಾಡು. ಈ ನಡುವಣ ನೆಲದಲ್ಲಿ ನಿಂತು, ಯಕ್ಷಗಾನವು ಎಲ್ಲಿ ಮುಗಿದು ಬಯಲಾಟವು ಎಲ್ಲಿ ಮೊದಲಾಯಿತೆಂದು ಕೇಳಿದರೆ, ನಕಾಶೆಯ ಮೇಲೆ ಗೆರೆ ಎಳೆದು ತೋರಿಸುವುದು ಸುಲಭ. ನಿಜವನ್ನು ಹೇಳುವುದು ಕಷ್ಟ.

ಇಂದು ಸರ್ಕಾರವೇ ಆ ಗೆರೆಯನ್ನು ಎಳೆದಿದೆ. ರಾಜ್ಯದಲ್ಲಿ ಯಕ್ಷಗಾನಕ್ಕೊಂದು, ಬಯಲಾಟಕ್ಕೊಂದು ಅಕಾಡೆಮಿಗಳಿವೆ. ಎರಡಕ್ಕೂ ಪೋಷಣೆ ದೊರೆಯುವುದು ಸಂತೋಷದ ಸಂಗತಿಯೇ. ಆದರೆ ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದ ಗ್ರಂಥದ ಹೆಸರು ‘ಯಕ್ಷಗಾನ ಬಯಲಾಟ’ ಎಂಬುದನ್ನು ವಾಚಕರು ನೆನೆಯಬೇಕು. ಅಲ್ಲಿ ಜೊತೆಯಾಗಿ ನಿಂತ ಮಾತುಗಳು ಇಲ್ಲಿ ಎರಡು ಕಚೇರಿಗಳ ಫಲಕಗಳಾಗಿವೆ. ಹಳ್ಳಿಯ ಜನ ಮಾತ್ರ ಎಂದಿನಂತೆ ‘ಆಟಕ್ಕೆ ಹೋಗೋಣ’ ಎನ್ನುತ್ತಾರೆ.

ಎದುರಿಗೆ ಮತ್ತೊಂದು ಬಂದಾಗಲೇ ಹೆಸರಿನ ಅಗತ್ಯ ಹುಟ್ಟುತ್ತದೆ. ತೆಂಕಿಲ್ಲದೆ ಬಡಗಿಲ್ಲ, ಸಣ್ಣಾಟವಿಲ್ಲದೆ ದೊಡ್ಡಾಟ ದೊಡ್ಡದಾಗದು. ಉತ್ತರ ಕನ್ನಡದ ಪದ್ಧತಿಯನ್ನು ‘ಬಡಾಬಡಗು’ ಎನ್ನುತ್ತಾರೆ, ಅಂದರೆ ಬಡಗಿಗೂ ಬಡಗು. ಇದು ತೆಂಕಲಲ್ಲಿ ನಿಂತು ನೋಡಿದವರ ಲೆಕ್ಕ. ಶಿರಸಿ ಸಿದ್ದಾಪುರದವನಿಗೆ ತನ್ನೂರಿನ ಆಟ ಯಾವ ದಿಕ್ಕಿನದೂ ಅಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಮಹಾಗಣಪತಿಯ ಹೆಸರಿನಲ್ಲಿ ಕಟ್ಟಿದ್ದು ಮೇಳವನ್ನು, ತಿಟ್ಟನ್ನಲ್ಲ. ಮುಂದೆ ಶಂಭು ಹೆಗಡೆಯವರ ಸಂಯಮದ ಅಭಿನಯವನ್ನೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತದ ಆವೇಗವನ್ನೂ ಒಂದೇ ಚೀಟಿಯ ಕೆಳಗೆ ಇರಿಸಿದೆವು. ಆ ಚೀಟಿಯಿಂದ ಇಬ್ಬರಲ್ಲಿ ಒಬ್ಬರೂ ನಮಗೆ ತಿಳಿಯರು.

ಈ ತೊಡಕು ನಮ್ಮದೊಂದೇ ಅಲ್ಲ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ‘ಪಂಕ್’ ಎಂಬುದು ಒಂದು ಮಾರ್ಗದ ಹೆಸರಾಗಿ ಹರಡಿದ್ದು 1970ರ ದಶಕದ ನಡುವಿನಲ್ಲಿ. 1969ರಲ್ಲಿ ಮೊದಲ ಧ್ವನಿಮುದ್ರಿಕೆ ತಂದ ‘ದಿ ಸ್ಟೂಜಸ್’ ತಂಡವನ್ನು ವಿಮರ್ಶಕರು ಅನಂತರ ‘ಪಂಕ್‌ಪೂರ್ವ’ ಎಂದು ವಿಂಗಡಿಸಿದರು. ಯಾವುದಕ್ಕೆ ತಾವು ಪೂರ್ವಜರೆಂಬುದನ್ನು ಹಾಡುವ ಹೊತ್ತಿನಲ್ಲಿ ಯಾರೂ ಅರಿಯರು. ನಮ್ಮ ಪಂಪನೂ ತಾನು ‘ಪಂಪಯುಗ’ದಲ್ಲಿ ಬರೆಯುತ್ತಿರುವೆನೆಂದು ಎಣಿಸಿರಲಾರ.

ಹಾಗೆಂದು ಹೆಸರುಗಳನ್ನೆಲ್ಲ ತೊರೆಯಬೇಕೆಂದಲ್ಲ. ತೆಂಕು ಬಡಗುಗಳ ವೇಷ, ವಾದ್ಯ, ನಾಟ್ಯಗಳಲ್ಲಿ ಭೇದವಿರುವುದು ನಿರ್ವಿವಾದ. ಅದನ್ನು ಗುರುತಿಸದೆ ಅಧ್ಯಯನ ಸಾಗದು. ಅಪಾಯವಿರುವುದು ಗುರುತು ಕಟ್ಟಳೆಯಾಗುವಲ್ಲಿ. ‘ಇದು ನಮ್ಮ ತಿಟ್ಟಲ್ಲ’ ಎಂಬ ಒಂದೇ ಕಾರಣಕ್ಕೆ ಕಲಾವಿದನ ಹೊಸ ಹೆಜ್ಜೆಯನ್ನು ತಪ್ಪೆಂದರೆ, ಎರಡು ಸೀಮೆಗಳ ಗಾಳಿಯನ್ನು ಕುಡಿದ ಗಡಿಯೂರಿನ ಮೇಳವೊಂದು ಎರಡು ಅಕಾಡೆಮಿಗಳ ಬಾಗಿಲಲ್ಲೂ ಹೊರಗಿನದಾದರೆ, ಹೆಸರು ಕಲೆಯನ್ನು ಕಾಯಲಿಲ್ಲ, ಕಳೆಯಿತು ಎನ್ನಬೇಕಾಗುತ್ತದೆ.

ಈ ದೋಷದಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ. ತಿಟ್ಟುಗಳ ಲಕ್ಷಣಗಳನ್ನು ಪಟ್ಟಿಮಾಡಿಸಿ ಅಂಕ ಕೊಡುವ ನಾವು, ಬೆಳಗಿನವರೆಗೆ ಕುಳಿತು ಒಂದು ಆಟವನ್ನಾದರೂ ನೋಡಿದಿರಾ ಎಂದು ವಿದ್ಯಾರ್ಥಿಗಳನ್ನು ಕೇಳುವುದಿಲ್ಲ. ಮೊದಲು ಅದನ್ನು ಕೇಳೋಣ. ಆಟ ನೋಡಿ ಬಂದವರಿಗೆ ಹೆಸರನ್ನು ಆಮೇಲೆ ಹೇಳಿಕೊಡಬಹುದು.