ಹಾಡುವ ಹೆಣ್ಣುಮಕ್ಕಳೂ ಅಮೀರ್‌ಬಾಯಿ ಕರ್ನಾಟಕಿಯೂ

ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಸೇರಿದಾಗ, ಓದಿದ ಪಾಠಗಳಿಗಿಂತ ಕೂಡಿ ಹಾಡಿದ ಹಾಡುಗಳೇ ಮೊದಲು ನೆನಪಿಗೆ ಬರುವುವು. ಹೀಗಿದ್ದೂ, ಮಗಳು ಪ್ರಾರ್ಥನೆಯಲ್ಲಿ ಹಾಡಿದರೆ ಹಿಗ್ಗುವ ತಂದೆತಾಯಿಗಳು ಆಕೆ ಸಿನಿಮಾ ಹಾಡೊಂದನ್ನು ಗುನುಗಿದೊಡನೆ ಹುಬ್ಬುಗಂಟಿಕ್ಕುವರು. ಬಾಳ್ಳುಪೇಟೆಯ ಸುತ್ತಣ ಕಾಫಿತೋಟದ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ನನ್ನ ಮನೆಯಲ್ಲಿಯೂ ಕಂಡಿದ್ದೇನೆ. ಜನಪ್ರಿಯವಾದ ಹಾಡು ಹಗುರವಾದುದು, ಹಾಡುವವಳು ಅದಕ್ಕಿಂತಲೂ ಹಗುರದವಳು ಎಂಬ ಈ ಎಣಿಕೆಯು ತಪ್ಪೆಂದೇ ನನ್ನ ಅಭಿಪ್ರಾಯವು.

ಅಮೀರ್‌ಬಾಯಿ ಕರ್ನಾಟಕಿಯವರ ಹೆಸರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಆಕೆ ಬೀಳಗಿಯವರು, ಆ ಊರು ಅಂದು ಬಿಜಾಪುರ ಜಿಲ್ಲೆಯದು, ಈಗ ಬಾಗಲಕೋಟೆಯದು. ಅಕ್ಕತಂಗಿಯರಿಬ್ಬರೂ ಕಲಾವಿದೆಯರು, ಗೋಹರ್‌ಬಾಯಿಯವರು ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರಾದರು. ಅಮೀರ್‌ಬಾಯಿಯವರು ಮುಂಬಯಿಯ ಚಿತ್ರಲೋಕವನ್ನು ಹೊಕ್ಕು, ಹುಟ್ಟಿದ ನಾಡನ್ನೇ ಹೆಸರಿನ ಜೊತೆಗೆ ಕಟ್ಟಿಕೊಂಡು ಹಿಂದೂಸ್ಥಾನವೆಲ್ಲ ಮೆರೆದರು. ಗಾಂಧಿಯವರಿಗೆ ಪ್ರಿಯವಾಗಿದ್ದ ನರಸೀ ಮೆಹತಾರ ಭಜನೆಯನ್ನು 1940ರ ‘ನರ್ಸಿ ಭಗತ್’ ಚಿತ್ರದಲ್ಲಿ ಹಾಡಿದವರು ಆಕೆಯೇ.

1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂದಿತು. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಪದಗಳು. ಕ್ವಿಟ್ ಇಂಡಿಯಾ ಚಳವಳಿಯ ಮರುವರುಷವದು. ಪರಕೀಯರಿಗೆ ‘ತೊಲಗಿರಿ’ ಎನ್ನುವ ಒಂದು ಮೇಳಗೀತವು ಆ ಚಿತ್ರದಲ್ಲಿತ್ತು. ಪದಗಳಲ್ಲಿ ಜರ್ಮನರನ್ನೂ ಜಪಾನೀಯರನ್ನೂ ಹೆಸರಿಸಿದ್ದುದರಿಂದ ಸರ್ಕಾರದ ಪರೀಕ್ಷಕರು ಅದನ್ನು ಬಿಟ್ಟುಕೊಟ್ಟರು. ಯಾರು ತೊಲಗಬೇಕೆಂಬುದು ಕೇಳಿದ ಜನಕ್ಕೆ ಗೊತ್ತಿತ್ತು! ಖಾನ್ ಮಸ್ತಾನರೊಡನೆ ಅದನ್ನು ಮುಂದಾಗಿ ಹಾಡಿದ ಕಂಠವು ಈ ಬೀಳಗಿಯ ಹೆಂಗಸಿನದು. ಅದೇ ಚಿತ್ರದಲ್ಲಿ, ಮೋಡವನ್ನು ಮೆಲ್ಲನೆ ಬಾರೆಂದು ಕರೆಯುವ ಜೋಗುಳದಂಥ ಹಾಡೂ ಆಕೆಯದೇ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರವು ಮೂರು ವರುಷಕ್ಕೂ ಮೇಲ್ಪಟ್ಟು ನಡೆಯಿತು. ಇದನ್ನು ಹಗುರವೆನ್ನೋಣವೆ?

ಕೀರ್ತಿಯು ನಿಲ್ಲಲಿಲ್ಲವೆಂಬುದು ನಿಜ. 1944ರ ‘ರತನ್’ ಚಿತ್ರದವರೆಗೂ ಮೇಲೆಯೇ ಇತ್ತು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಆಕೆ ಸಂಗೀತವನ್ನೂ ಸಂಯೋಜಿಸಿದರು, ಹೆಣ್ಣಾದವಳಿಗೆ ಆಗ ಅದು ಸಣ್ಣ ಮಾತಲ್ಲ. 1949ರಲ್ಲಿ ‘ಮಹಲ್’, ‘ಬರ್ಸಾತ್’ ಚಿತ್ರಗಳಿಂದ ಲತಾ ಮಂಗೇಶ್ಕರರು ಮುಂದೆ ಬರಲು, ತುಂಬುಕಂಠದ ಗಾಯಕಿಯರ ಕಾಲವು ತಿರುಗಿತು. ರುಚಿ ಬದಲಾದುದು ಹಾಡಿದವರ ದೋಷವಲ್ಲವಷ್ಟೆ. ಆಕೆ 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಆಕೆಯ ಜೀವನವನ್ನು ಕನ್ನಡದಲ್ಲಿ ಗ್ರಂಥವಾಗಿ ಬರೆದುದು ನಮ್ಮ ಭಾಗ್ಯವು. ಶಾಲೆಯ ಪುಸ್ತಕಭಂಡಾರದಲ್ಲಿ ಅದಿರತಕ್ಕದ್ದು.

ಮೆಚ್ಚಿಕೆಯೊಡನೆ ಅಪಾಯವೂ ಬರುತ್ತದೆಂದು ತಾಯಂದಿರು ಹೇಳುವರು. ಒಪ್ಪುತ್ತೇನೆ. ಆದರೆ ನಮ್ಮ ಬಂಧುಗಳೊಳಗೆ ಒಬ್ಬಳಿಗೆ, ಹದಿನಾಲ್ಕನೆಯ ವಯಸ್ಸಿನಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯನ್ನೇ ಬೀಗಹಾಕಿ ಅಟ್ಟಕ್ಕೇರಿಸಿದರು. ಬೇಡವೆಂದು ನಾನೂ ಆಗ ಹೇಳಲಿಲ್ಲ. ಆಕೆ ಈಗ ಮೊಮ್ಮಕ್ಕಳನ್ನು ತೂಗುವಾಗ ಮಾತ್ರ ಹಾಡುತ್ತಾಳೆ, ಬಾಗಿಲಲ್ಲಿ ಯಾರಾದರೂ ಕಾಣಿಸಿಕೊಂಡರೆ ನಿಲ್ಲಿಸಿಬಿಡುತ್ತಾಳೆ.