ನಿಮ್ಮದೊಂದು ಒಳ್ಳೆಯ ಫೋಟೋ ಇದೆಯಾ?

ಗೆಳತಿಯರೇ, ಒಲೆ ಸ್ವಲ್ಪ ಸಣ್ಣಗೆ ಮಾಡಿ ಒಮ್ಮೆ ನಡುಮನೆಯ ಗೋಡೆ ನೋಡಿ ಬನ್ನಿ. ಅಲ್ಲಿ ಯಾರ್ಯಾರ ಫೋಟೋ ಇದೆ? ಅಜ್ಜನದು, ಮಾವನವರದು, ಮಕ್ಕಳು ಶಾಲೆಯಲ್ಲಿ ಬಹುಮಾನ ತಗೊಂಡದ್ದು. ನಿಮ್ಮದು? ಮದುವೆ ಆಲ್ಬಮ್ ಬಿಟ್ಟು, ನೀವೊಬ್ಬರೇ ಇರುವ ಒಂದು ಫೋಟೋ?

ಈ ಪ್ರಶ್ನೆ ನನಗೆ ಬಂದಿದ್ದು ನಮ್ಮ ಅತ್ತೆ ತೀರಿಕೊಂಡ ದಿನ. ಹಾರ ಹಾಕಲು ಫೋಟೋ ಹುಡುಕಿದರೆ ಒಂದೂ ಸಿಗಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬರುವಾಗ ಅವರೇ ಜೋಪಾನವಾಗಿ ಹೊತ್ತು ತಂದ ಟ್ರಂಕು ಅದು. ಅದರೊಳಗೆ ಮನೆಮಂದಿಯ ಫೋಟೋ ಎಲ್ಲಾ ಇತ್ತು, ಅವರದೊಂದು ಬಿಟ್ಟು. ಕಡೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಜೀವನಪೂರ್ತಿ ನಗುನಗುತ್ತಾ ಇದ್ದ ಅತ್ತೆ ಆ ಫೋಟೋದಲ್ಲಿ ಬೆದರಿ ಕೂತಿದ್ದಾರೆ. ದಿನಾ ದೀಪ ಹಚ್ಚುವಾಗ ನನಗೆ ಹೊಟ್ಟೆಯಲ್ಲಿ ಸಂಕಟ.

ಮರುವರ್ಷ ಬೆಂಗಳೂರಿನಲ್ಲಿ ಫ್ಯಾಶನ್ ಡಿಸೈನ್ ಓದುವ ಅಕ್ಕನ ಮಗಳು ಫೋನ್ ಮಾಡಿದಳು. "ಚಿಗವ್ವಾ, ಇಲ್ಲೆ ಫ್ಯಾಶನ್ ವೀಕ್ ಐತಿ. ನಮ್ಮ ತಂಡದ್ದು ಇಳಕಲ್ ಸೀರಿ ಷೋ. ಮಾಡೆಲ್‌ಗಳ ಜೋಡಿ ದಿನಾ ಸೀರಿ ಉಡೋ ಹೆಣ್ಮಕ್ಕಳ ಫೋಟೋನೂ ಇಡಬೇಕಂತ ಮಾಡೇವಿ. ಫೋಟೋಗ್ರಾಫರ್‌ನ ಕರಕೊಂಡ ಬರತೀನಿ, ನಾಕ ಮಂದೀನ ಒಪ್ಪಸಿ ಇಡು."

ನಮ್ಮ ದೇಶದಲ್ಲಿ ಮೊದಲ ಇಂಡಿಯಾ ಫ್ಯಾಶನ್ ವೀಕ್ ನಡೆದದ್ದು 2000ದಲ್ಲಿ, ದೆಹಲಿಯಲ್ಲಿ. ಆಗ ಅದು ಸಿರಿವಂತರ ಸಂಗತಿ ಅಂತ ಪೇಪರ್ ಮಡಚಿ ಇಟ್ಟವರು ನಾವು. ಈಗ ಅದೇ ಲೋಕ ನಮ್ಮ ಮನೆಯ ಕಟ್ಟೆಗೆ ಬಂದು ಕೂತಿತು. ಎರಡು ದಿನ ಅವರ ಜೊತೆ ಬಾದಾಮಿ, ಹುನಗುಂದ, ಇಳಕಲ್ ಸುತ್ತಿ ಕಲಿತದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು. ನಾಳೆ ನೀವೂ ಒಬ್ಬ ಫೋಟೋಗ್ರಾಫರ್ ಎದುರು ಕೂರಬಹುದಲ್ಲ?

ಮೊದಲು ಮಾತು, ಆಮೇಲೆ ಕ್ಯಾಮೆರಾ

ಫ್ಯಾಶನ್ ವೀಕ್ ಹತ್ತಿರ ಬಂದಾಗ ಫೋಟೋಗ್ರಾಫರ್‌ಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಬಂದ ಕೂಡಲೇ ಕ್ಲಿಕ್ ಕ್ಲಿಕ್. ನಾವು ಗಾಬರಿಯಾಗಿ ಕಲ್ಲಿನ ಹಾಗೆ ಕೂರುತ್ತೇವೆ, ಮುಖವೂ ಹಾಗೇ ಬರುತ್ತದೆ. ಅದಕ್ಕೇ ಮೊದಲು ಹತ್ತು ನಿಮಿಷ ಚಹಾ ಕುಡಿಸಿ, ಮಾತಾಡಿಸಿ. ಎಷ್ಟು ಹೊತ್ತು ಬೇಕು, ಎಷ್ಟು ಸೀರೆ ಬದಲಿಸಬೇಕು, ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯೇ, ಎಲ್ಲಾ ಕೇಳಿ. ನಿಮ್ಮವರೊಬ್ಬರು ಜೊತೆಯಲ್ಲಿರಲಿ. ಸೆರಗು ಸರಿಪಡಿಸಲು ಹೆಣ್ಣುಮಗಳೇ ಬೇಕು ಎಂದರೆ ಅದು ಬಿಂಕವಲ್ಲ, ನಿಮ್ಮ ಹಕ್ಕು. ಕ್ಯಾಮೆರಾ ಗಂಡಸರ ಸೊತ್ತೇನಲ್ಲ. 1913ರಲ್ಲಿ ಹುಟ್ಟಿದ ಹೋಮಾಯ್ ವ್ಯಾರಾವಾಲಾ ಸೀರೆ ಉಟ್ಟುಕೊಂಡೇ ನೆಹರೂ ಕಾಲದ ದೆಹಲಿಯನ್ನು ಕ್ಯಾಮೆರಾದಲ್ಲಿ ಹಿಡಿದರು. 2011ರಲ್ಲಿ ಅವರಿಗೆ ಪದ್ಮವಿಭೂಷಣವೂ ಬಂತು.

ಬೆಳಕು, ಬಣ್ಣ, ಸೆರಗು

ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಮುಖ ತೋರಿಸಬಾರದು. ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೆಳಗಿನ ಎಳೆಬಿಸಿಲು, ಇಲ್ಲವೇ ಮನೆಯ ಕಿಟಕಿ ಪಕ್ಕದ ಬೆಳಕು ಸಾಕು. ನಮಗೆ ಎಲ್ಲಕ್ಕಿಂತ ಚೆಂದದ ಫೋಟೋ ಸಿಕ್ಕಿದ್ದು ಪಡಸಾಲೆಯ ಹೊಸ್ತಿಲಿನಲ್ಲಿ!

ಬಾದಾಮಿಯಲ್ಲಿ ಒಂದು ಪಾಠವಾಯಿತು. ಕೆಂಪು ಬಂಡೆಯ ಮುಂದೆ ದಾಳಿಂಬೆ ಬಣ್ಣದ ಸೀರೆ ಉಟ್ಟು ನಿಂತರೆ ಸೀರೆಯೂ ಬಂಡೆಯೂ ಒಂದೇ ಆಗಿಬಿಡುತ್ತವೆ. ಅದೇ ಹಸಿರು ಸೀರೆ, ಕಪ್ಪು ಚಂದ್ರಕಾಳಿ ಉಟ್ಟವರು ಎದ್ದು ಕಂಡರು. ಮೇಣಬಸದಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಅಲ್ಲಿಯ ಕಂಬದ ಮೇಲಿನ ಹೆಂಗಸರು ಇಷ್ಟು ಶತಮಾನ ಕಳೆದರೂ ಎಷ್ಟು ಸಲೀಸಾಗಿ ನಿಂತಿದ್ದಾರೆ ನೋಡಿ. ಸೊಂಟ ಸ್ವಲ್ಪ ವಾರೆ, ಭಾರವೆಲ್ಲ ಒಂದು ಕಾಲಿನ ಮೇಲೆ. ನಿಲ್ಲುವುದನ್ನು ಅವರಿಂದಲೇ ಕಲಿಯಬಹುದು. ಆದರೆ ನೆನಪಿಡಿ, ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. ಜಾಹೀರಾತಿಗೆ, ವ್ಯಾಪಾರಕ್ಕೆ ಶೂಟಿಂಗ್ ಮಾಡುವುದಾದರೆ ಮೊದಲೇ ಅನುಮತಿ ಪಡೆಯಬೇಕು.

ಇಳಕಲ್ ಸೀರೆ ಉಟ್ಟು ಕೂತಾಗ ಸೆರಗು ಹಿಂದೆಯೇ ಉಳಿದರೆ ಸೀರೆಯ ಜೀವವೇ ಮಾಯ. ಕೆಂಪು ನೆಲದ ಮೇಲೆ ಬಿಳಿ ತೆನೆ ಎತ್ತಿದ ಟೋಪ ತೆನಿ ಸೆರಗೇ ಅದರ ಗುರುತು. ಅದನ್ನು ಹೆಗಲ ಮೇಲಿಂದ ಮುಂದೆ ತಂದು ಮಡಿಲಲ್ಲಿ ಹರಡಿಕೊಳ್ಳಿ. ದಡಿ ಕಾಣಲಿ. ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟರೆ ಬೇರೆ ಒಡವೆ ಏಕೆ?

ಫೋಟೋ ಯಾರದು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹುನಗುಂದದ ನನ್ನ ಗೆಳತಿಯೊಬ್ಬಳು ಎರಡು ವರ್ಷದ ಹಿಂದೆ "ಪುಕ್ಕಟೆ ತೆಗೆದುಕೊಡ್ತೀವಿ" ಎಂದಾಗ ಖುಷಿಯಿಂದ ಕೂತಿದ್ದಳು. ಆರು ತಿಂಗಳ ಮೇಲೆ ಅದೇ ಫೋಟೋ ಒಂದು ಅಂಗಡಿಯ ದೊಡ್ಡ ಬ್ಯಾನರ್ ಮೇಲೆ! ಅವಳನ್ನು ಕೇಳಿಲ್ಲ, ಒಂದು ಪೈಸೆ ಕೊಟ್ಟಿಲ್ಲ. ಮನೆಯಲ್ಲಿ ಮಾತು ಕೇಳಿದ್ದು ಮಾತ್ರ ಅವಳೇ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಒಡೆಯರು. ಅಂದರೆ ಸ್ಟುಡಿಯೋಗೆ ನೀವು ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋ ನಿಮ್ಮದು. ಪುಕ್ಕಟೆ ತೆಗೆದರೆ ಸಾಮಾನ್ಯವಾಗಿ ಅದು ತೆಗೆದವನದು. ನಮ್ಮ ಹುಡುಗಿಯ ತಂಡದ ಹಾಗೆ ಮೂರನೆಯವರು ದುಡ್ಡು ಕೊಟ್ಟರೆ ಅವರದು. ಮುಖ ನಿಮ್ಮದಾದರೂ ಫೋಟೋ ನಿಮ್ಮದಲ್ಲ! ಅದಕ್ಕೇ ಕೂರುವ ಮೊದಲು ಒಂದು ಹಾಳೆಯಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆಸಿಕೊಳ್ಳಿ. ಎಲ್ಲಿ ಬಳಸುತ್ತಾರೆ, ಎಷ್ಟು ದಿನ, ನಿಮಗೇನು ಕೊಡುತ್ತಾರೆ, ಇನ್ನೊಬ್ಬರಿಗೆ ಮಾರಬಹುದೋ ಇಲ್ಲವೋ. ಇಂಗ್ಲಿಷ್ ಕಾಗದಕ್ಕೆ ಓದದೇ ಸಹಿ ಹಾಕಬೇಡಿ. ಈಗಂತೂ ಒಂದು ಮುಖ ಸಿಕ್ಕರೆ ಕಂಪ್ಯೂಟರ್ ಅದನ್ನು ಯಾವ ಮೈಗೆ ಬೇಕಾದರೂ ಅಂಟಿಸುತ್ತದೆ. ದುರ್ಬಳಕೆ ಕಂಡರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

ಹೆಸರೂ ಬೇಕು, ಫೋಟೋವೂ ಬೇಕು

ಇಳಕಲ್ಲಿನಲ್ಲಿ ನೇಕಾರರ ಮನೆಗೆ ಹೋದೆವು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಪ್ರತಿ ಸೀರೆಗೂ ಮತ್ತೆ ಇದೇ ಕೆಲಸ. ನೂಲು ಸುತ್ತುವುದರಿಂದ ಹಿಡಿದು ಮಗ್ಗಕ್ಕೆ ಬೇಕಾದ ತಯಾರಿಯಲ್ಲಿ ಹೆಚ್ಚಿನದೆಲ್ಲ ಹೆಂಗಸರ ಕೈಯಲ್ಲೇ ಆಗುತ್ತದೆ. ಫೋಟೋಗ್ರಾಫರ್ ಮನೆಯೊಡತಿಯ ಫೋಟೋ ಸಾಕಷ್ಟು ತೆಗೆದು ಗಾಡಿ ಹತ್ತಿದ. ಆಕೆ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಯಕ್ಕಾ, ಇಷ್ಟ ಫೋಟೋ ಹೊಡದ್ರಲ್ಲ, ನನಗೊಂದ ಕೊಡ್ತಾರೇನ್ರಿ? ನಂದಂತ ಒಂದೂ ಇಲ್ಲ."

ನನಗೆ ಅತ್ತೆಯ ಟ್ರಂಕು ನೆನಪಾಯಿತು.

ಗಾಡಿ ನಿಲ್ಲಿಸಿ ಅಕ್ಕನ ಮಗಳಿಗೆ ಎರಡು ಷರತ್ತು ಹಾಕಿದೆ. ಕೂತ ಪ್ರತಿಯೊಬ್ಬರಿಗೂ ಕಟ್ಟು ಹಾಕಿಸಿದ ಫೋಟೋ ತಲುಪಬೇಕು. ಷೋದಲ್ಲಿ ಡಿಸೈನರ್ ಹೆಸರಿನ ಜೊತೆ, ಒಪ್ಪಿದವರ ಹೆಸರೂ ಫೋಟೋ ಕೆಳಗೆ ಇರಬೇಕು. "ಅಲ್ಲಿ ಹಂಗ ಹಾಕೂದಿಲ್ಲ ಚಿಗವ್ವಾ" ಅಂದಳು. "ಹಂಗಾದ್ರ ಫೋಟೋನೂ ಬ್ಯಾಡ" ಅಂದೆ. ಒಪ್ಪಿದಳು. ಒಂದು ತಿಂಗಳಲ್ಲಿ ಫೋಟೋಗಳು ಬಂದವು. ಇಳಕಲ್ಲಿನ ಆ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ಆಕೆ ಬಹಳ ಹೊತ್ತು ನೋಡಿ ಅಂದದ್ದು ಒಂದೇ ಮಾತು: "ನಾ ಹಿಂಗ ಅದೀನಿ?" ಆ ಫೋಟೋ ಈಗ ಮಗ್ಗದ ಎದುರಿನ ಗೋಡೆಯ ಮೇಲಿದೆ.

ಫ್ಯಾಶನ್ ವೀಕ್ ಬಂದು ಹೋಗುತ್ತದೆ ಗೆಳತಿಯರೇ, ಗೋಡೆ ಉಳಿಯುತ್ತದೆ. ತೂಕ ಇಳಿಯಲಿ, ಕೂದಲಿಗೆ ಬಣ್ಣ ಹಚ್ಚಲಿ ಅಂತ ಮುಂದೂಡಬೇಡಿ. ಇದೇ ವಾರ ನಿಮಗೆ ಇಷ್ಟವಾದ ಸೀರೆ ಉಟ್ಟು, ಅಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹತ್ತಿರದ ಸ್ಟುಡಿಯೋಗೆ ಹೋಗಿ. ದುಡ್ಡು ನೀವೇ ಕೊಡಿ, ರಸೀದಿ ಇಟ್ಟುಕೊಳ್ಳಿ. ಒಬ್ಬೊಬ್ಬರದೇ ಒಂದೊಂದು ಫೋಟೋ, ನಗುತ್ತಾ ಇರುವುದು.

ನಿಮ್ಮ ಗೋಡೆಯ ಮೇಲೆ ನಿಮಗೊಂದು ಮೊಳೆಯಷ್ಟು ಜಾಗ ಬೇಡವೇ? ಏನಂತೀರಿ?